ಗೇಟಿನ ಹಿಡಿಕೆ

ನೀರು ಇನ್ನೂ ಬಂದಿರಲಿಲ್ಲ, ಮಂತ್ರಿಗಳು ಮಾತ್ರ ಬಂದುಬಿಟ್ಟಿದ್ದರು. ಬಂದದ್ದು ದೇವಕಮ್ಮನ ಫೋನಿನ ತೆರೆಯ ಮೇಲೆ, ಶಾಂತಸಾಗರದ ನಡುವಿನ ಒಂದು ಪುಟ್ಟ ದ್ವೀಪದೇಶದಿಂದ. ದೇವಕಮ್ಮ ನಿಂತಿದ್ದು ದೋರನಹಳ್ಳಿಯ ಆಚೆ, ತವರಿನ ಮೆಣಸಿನ ಹೊಲದ ಬದುವಿನ ಮೇಲೆ, ಒಣಗಿ ಬಿರುಕು ಬಿಟ್ಟ ಕಾಲುವೆಯ ಪಕ್ಕದಲ್ಲಿ. ದ್ವೀಪದೇಶಗಳಿಗೆ ಬಂದರು, ಹಡಗುಗಳ ವಿಷಯದಲ್ಲಿ ಸಲಹೆ ಕೊಡುವುದು ಅವಳ ನೌಕರಿ. ಸಮುದ್ರದ ಗಾಳಿಯೂ ಸೋಕದ ಊರಿನಲ್ಲಿ ಹುಟ್ಟಿ ಹಡಗಿನವರಿಗೇ ಬುದ್ಧಿ ಹೇಳುತ್ತಾಳೆಂದು ಊರವರಿಗೆ ನಗೆಯೂ ಹೌದು, ಹೆಮ್ಮೆಯೂ ಹೌದು.

ಆ ದೇಶದ ಸರಕಿನ ಹಡಗು ರಾಜಧಾನಿಯಿಂದ ಹೊರಟು ಒಂದೊಂದೇ ದ್ವೀಪ ಮುಟ್ಟುತ್ತ ಹೋಗಿ ಕಡೆಯ ದ್ವೀಪ ತಲುಪುವಷ್ಟರಲ್ಲಿ ಅಕ್ಕಿಯೂ ಇರುತ್ತಿರಲಿಲ್ಲ, ಔಷಧಿಯೂ ಇರುತ್ತಿರಲಿಲ್ಲ. ಅದರ ಮೇಲೆ ಎಣ್ಣೆ ಸುಟ್ಟುಕೊಂಡು ಖಾಲಿ ವಾಪಸು ಬರುವುದು ಬೇರೆ. ಹಡಗು ಮೊದಲು ನೇರ ಕಡೆಯ ದ್ವೀಪಕ್ಕೇ ಹೋಗಲಿ, ಬರುವ ದಾರಿಯಲ್ಲಿ ಉಳಿದವರಿಗೆ ಹಂಚುತ್ತ, ಅವರ ಮೀನು ಕೊಬ್ಬರಿ ತುಂಬಿಕೊಂಡು ಬರಲಿ ಎಂದು ದೇವಕಮ್ಮ ಸಲಹೆ ಕೊಟ್ಟಿದ್ದಳು. "ಹೀಗೆ ಎಲ್ಲಾದರೂ ಮಾಡುತ್ತಾರೆಯೇ?" ಎಂದು ಮಂತ್ರಿ ಹಿಂದಿನ ವಾರ ಕೇಳಿದ್ದರು. "ನಮ್ಮೂರ ಕಾಲುವೆಯಲ್ಲಿ ಮಾಡುತ್ತೇವೆ, ಬೇಕಾದರೆ ತೋರಿಸುತ್ತೇನೆ" ಎಂದುಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ಈ ಸಲ ಕಡೆಯ ಹೊಲಕ್ಕೆ ಮೊದಲ ಪಾಳಿ ಎಂದು ಕಾಲುವೆಯ ರೈತರೆಲ್ಲ ಕೂತು ಫೈಸಲಾ ಮಾಡಿದ್ದು ನಿಜ. ಆದರೆ ಮಾಡಿ ತೋರಿಸುವುದು ಇವತ್ತೇ ಮೊದಲು.

"ಬರಂಗಿಲ್ಲ ಬಿಡು," ಎಂದಳು ಅವ್ವ ಲಾಲಮ್ಮ, ಬಾಡಿದ ಮೆಣಸಿನ ಗಿಡಗಳ ನಡುವೆ ಕೂತು. "ಮ್ಯಾಲ ನಿಮ್ಮ ಮಾವ ಕುಂತಾನ. ನೀರು ಕಂಡ ಮ್ಯಾಲ ಗೇಟ ಎತ್ತದ ಬಿಡ್ತಾನೇನು ಅಂವ?"

ಮಾವನೆಂದರೆ ಲಾಲಮ್ಮನ ಒಡಹುಟ್ಟಿದ ಅಣ್ಣ ಖಂಡಪ್ಪ. ಕಾಲುವೆಯ ಮೊದಲ ಹೊಲ ಅವನದು, ಕಡೆಯದು ತಂಗಿಯದು. ಕಾಲುವೆ ಬಂದಂದಿನಿಂದ ನೀರು ಬಿಟ್ಟಾಗಲೆಲ್ಲ ಮೊದಲು ಏಳುವುದು ಅವನ ಗೇಟು, ಕಡೆಗೆ ಇಳಿಯುವುದೂ ಅವನದೇ. ತಂಗಿಯ ಹೊಲಕ್ಕೆ ಬರುತ್ತಿದ್ದುದು ಬರೀ ಹಸಿ ಕೆಸರು. ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು.

"ದೇವಕಮ್ಮನವರೇ, ನಮ್ಮ ಸಭೆ ಇವತ್ತೇ ತೀರ್ಮಾನಿಸಬೇಕು," ಎಂದರು ತೆರೆಯಲ್ಲಿ ಮಂತ್ರಿ. "ನೀರು ಬಂದರೆ ನೋಡೋಣ. ಇಲ್ಲದಿದ್ದರೆ ಹಡಗಿಗೆ ಹಳೆಯ ದಾರಿಯೇ ಸರಿ." ತೆರೆಯ ಮೂಲೆಯ ಸಣ್ಣ ಚೌಕದಲ್ಲಿ ಕಡೆಯ ದ್ವೀಪದ ಮುಖಂಡಳು ಕೂತಿದ್ದಳು. ಅವಳು ಒಣ ಕಾಲುವೆಯಿಂದ ಕಣ್ಣು ತೆಗೆದಿರಲಿಲ್ಲ. ಹೇಳಬಾರದಿತ್ತು, ಬಾಯಿ ಬಿಗಿ ಹಿಡಿದಿದ್ದರೆ ಆಗುತ್ತಿತ್ತು ಎಂದು ದೇವಕಮ್ಮ ತನ್ನನ್ನೇ ಬೈದುಕೊಂಡಳು.

ಆಗ ಏರಿಯ ಮೇಲೆ ಮೋಟರ್ ಸೈಕಲ್ಲಿನ ಸದ್ದಾಯಿತು. ಖಂಡಪ್ಪ. ಮೊಣಕಾಲಿನವರೆಗೆ ಕೆಸರು, ತಲೆಗೆ ಸುತ್ತಿದ ಟವೆಲು. ಅವನ ಹಿಂದೆಯೇ ಕಾಲುವೆಯೊಳಗೆ ಒಣ ಎಲೆ, ಕಡ್ಡಿ, ನೊರೆ ತಳ್ಳಿಕೊಂಡು ಬರುತ್ತಿತ್ತು ನೀರು. ಬಿರುಕುಗಳೆಲ್ಲ ಗುಳುಗುಳು ಕುಡಿದವು. ಹಸಿ ಮಣ್ಣಿನ ವಾಸನೆ ಎದ್ದಿತು. ದೇವಕಮ್ಮ ಚಪ್ಪಲಿ ಅಲ್ಲೇ ಬಿಟ್ಟು ಕಾಲುವೆಗೆ ಇಳಿದು, ನೀರಿಗೆ ತಾಗುವಷ್ಟು ಹತ್ತಿರ ಫೋನು ಹಿಡಿದಳು. ಖುಷಿಗೆ ಅವಳು ನೀರಿನ ಜೊತೆಜೊತೆಗೇ ಓಡಿದಳು, ದೂರದ ದ್ವೀಪದವರಿಗೆ ಕಾಲುವೆಯೇ ಕುಣಿದಂತೆ ಕಂಡಿರಬೇಕು.

"ಅವರೇ ಮೊದಲ ಹೊಲದವರೇ?" ಮಂತ್ರಿ ಮುಂದಕ್ಕೆ ಬಾಗಿದರು. "ಕೇಳಿ, ಕಣ್ಣೆದುರಿಗೇ ನೀರು ಹೋಗುವಾಗ ಗೇಟು ತೆಗೆಯಬೇಕೆಂದು ಅವರಿಗೆ ಅನ್ನಿಸಲಿಲ್ಲವೇ?"

ದೇವಕಮ್ಮ ಕೇಳಿದಳು. ಖಂಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಸುಳ್ಳ್ಯಾಕ ಹೇಳ್ಲಿ? ಕೈ ಭಾಳ ತುರಸ್ತು ಅಂತ ಹೇಳವ್ವ. ಅದಕ್ಕ ಇದನ್ನ ಬಿಚ್ಕೊಂಡು ಬಂದೀನಿ." ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಬ್ಬಿಣದ ಹಿಡಿಕೆ ತೆಗೆದ. ಅದಿಲ್ಲದೆ ಅವನ ಗೇಟು ಏಳುವಂತಿಲ್ಲ. ನೇರ ಹೋಗಿ ತಂಗಿಯ ಮುಂದೆ ಚಾಚಿದ. "ನಿನ್ನ ಹೊಲ ತುಂಬಿದ ಮ್ಯಾಲ ಕೊಡು."

ಲಾಲಮ್ಮ ಹಿಡಿಕೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು. "ತಿರುಗಿ ಕೊಡ್ತೀನಂತ ನಂಬಿಕಿ ಅದೇನು ನಿನಗ?"

"ಇಲ್ಲ."

"ಮತ್ತ ಯಾಕ ಕೊಡಾಕತ್ತಿ?"

"ಇಷ್ಟು ವರ್ಷ ನೀ ಯಾರನ್ನ ನಂಬಿ ಸಸಿ ಹಚ್ಚಿದಿ?" ಎಂದ ಖಂಡಪ್ಪ.

ಲಾಲಮ್ಮ ಕೈ ಚಾಚಿದಳು. ಹಿಡಿಕೆಯನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಇಟ್ಟುಕೊಂಡಳು.

"ಏನಂದರು, ಅವರು ಏನಂದರು?" ಎಂದು ಮಂತ್ರಿ ಮತ್ತೆ ಮತ್ತೆ ಕೇಳುತ್ತಿದ್ದರು. ದೇವಕಮ್ಮ ಕಣ್ಣೊರೆಸಿಕೊಂಡು ಒಂದು ಮಾತೂ ಬಿಡದೆ ಅವರ ಭಾಷೆಯಲ್ಲಿ ಹೇಳಿದಳು. ಮಂತ್ರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಡಗು ಮೊದಲು ಕಡೆಯ ದ್ವೀಪಕ್ಕೆ ಹೋಗಲಿ," ಎಂದರು.

ದೇವಕಮ್ಮ ತೆರೆಯ ಮೂಲೆಯ ಚೌಕ ನೋಡಿದಳು. ಅಲ್ಲಿ ಕುರ್ಚಿ ಖಾಲಿ ಇತ್ತು. ಹೊರಗೆಲ್ಲೋ, ಅಲೆಗಳ ಸದ್ದನ್ನು ಮೀರಿಸಿ, ಓಡುತ್ತ ಊರಿಗೆಲ್ಲ ಕೂಗಿ ಹೇಳುತ್ತಿದ್ದ ಒಬ್ಬ ಹೆಂಗಸಿನ ದನಿ ಮಾತ್ರ ಕೇಳುತ್ತಿತ್ತು.