ಒಳಗಿನದು ಕಾಣುವ ಚೀಲ

ಸೈಕಲನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ತನ್ನಿ ಎಂದು ಕೌಂಟರಿನ ಹುಡುಗಿ ಹೇಳಿದ್ದೇ ತಡ, ಮುರ್ಡೋ ಹರಿಹಾಯ್ದ. "ಪೆಟ್ಟಿಗೆಗೆ ಹಾಕಿದ್ರೆ ಅದು ಸೈಕಲ್ಲೋ ಆಲೂಗಡ್ಡೆಯೋ, ಯಾರಿಗೆ ಗೊತ್ತಾಗುತ್ತಮ್ಮ? ಎತ್ತಿ ಬಿಸಾಕ್ತಾರೆ. ಈ ಪ್ಲಾಸ್ಟಿಕ್ ಚೀಲದ ಥರ ಒಳಗಿರೋದು ಕಾಣ್ತಿದ್ರೆ ಎಂಥ ಒರಟನೂ ಮೆಲ್ಲಗೆ ಹಿಡೀತಾನೆ."

ಅವನ ಹೆಂಡತಿ ಐಲ್ಸಾ ನಗು ತಡೆದುಕೊಂಡಳು. ಅಬರ್ಡೀನಿನ ಈ ವಿಮಾನ ನಿಲ್ದಾಣದಲ್ಲಿ ಪ್ರತಿ ಬೇಸಿಗೆಯೂ ಇದೇ ಭಾಷಣ. ಹುಡುಗಿ ಯಾರಿಗೋ ಫೋನ್ ಮಾಡಿ, ದಪ್ಪ ಪ್ಲಾಸ್ಟಿಕ್ಕಿನ ಚೀಲವೂ ನಡೆಯುತ್ತದೆ ಎಂದು ಒಪ್ಪಿದಳು. ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ, ಗಾಳಿ ಇಳಿಸಿದ್ದ ಎರಡು ಸೈಕಲ್‌ಗಳು ಒಳಗೆ ಹೋದವು. ಬಿಚ್ಚಿದವಳು ಐಲ್ಸಾ. ನಡುಗುವ ಕೈಯಲ್ಲಿ ಸ್ಪ್ಯಾನರ್ ನಿಲ್ಲದೆ ಮುರ್ಡೋ ಪಕ್ಕದಲ್ಲಿ ನಿಂತು ಉಸ್ತುವಾರಿ ಮಾಡಿದ್ದ.

ಮದುವೆಯಾದ ಹೊಸದರಲ್ಲಿ ಇದ್ಯಾವ ರಗಳೆಯೂ ಇರಲಿಲ್ಲ. ಸೈಕಲ್ ತಳ್ಳಿಕೊಂಡು ವಿಮಾನದ ಹೊಟ್ಟೆಯವರೆಗೂ ಹೋಗಿ ಸಾಮಾನು ತುಂಬುವವನ ಕೈಗೇ ಕೊಡುತ್ತಿದ್ದರು. "ಬರ್ಗೆನ್‌ವರೆಗೂ ತುಳ್ಕೊಂಡೇ ಹೋಗಬಾರದಾ?" ಎಂದು ಅವನು ಇವರನ್ನು ರೇಗಿಸುತ್ತಿದ್ದ. ಕಡಲಾಚೆಯ ಆ ಊರಲ್ಲಿ ಇಳಿದರೆ ಗಾಳಿ ಹೊಡೆದು ಸೀದಾ ರಸ್ತೆಗೆ. ಏರು ಬಂದರೆ ಮುರ್ಡೋ ಮುಂದೆ ಹೋಗಿ, ಮೇಲೆ ಕೂತು, ಅವಳು ಏದುಸಿರು ಬಿಡುತ್ತಾ ಬರುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದ. ಡೇರೆಯೊಳಗೆ ಒದ್ದೆ ಬಟ್ಟೆಯಲ್ಲಿ ಕೂತು ತಿಂದ ಓಟ್ಸ್ ಗಂಜಿಯ ರುಚಿ ಆಮೇಲೆ ಯಾವ ಊಟಕ್ಕೂ ಬರಲಿಲ್ಲ. ಎಂಥ ಸುಖದ ದಿನಗಳವು!

ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೆ ಅವನಿಗೆ ನಡೆಯುವಾಗ ಕಾಲು ತಡವರಿಸುತ್ತದೆ, ಗುಂಡಿ ಹಾಕಲು ಕೈ ಒಲ್ಲೆ ಎನ್ನುತ್ತದೆ. ಆದರೆ ಸೀಟಿನ ಮೇಲೆ ಕೂರಿಸಿಬಿಟ್ಟರೆ ಕಾಲಿಗೆ ಹಳೆಯದೆಲ್ಲ ನೆನಪಾಗುತ್ತದೆ. ಡಾಕ್ಟರೇ ಹೋಗಿಬನ್ನಿ ಎಂದಿದ್ದರು. ಹಳೆಯ ಉಕ್ಕಿನ ಸೈಕಲ್ಲಿನ ಬಾರ್ ದಾಟಿ ಕಾಲು ಹಾಕಲಾಗದೆ, ಕಳೆದ ಚಳಿಗಾಲದಲ್ಲಿ ಬಾರ್ ಇಲ್ಲದ್ದನ್ನು ಆರಿಸಬೇಕಾಯಿತು. "ಲೇಡೀಸ್ ಸೈಕಲ್ಲು!" ಎಂದು ಅಂಗಡಿಯಲ್ಲಿ ಮುಖ ಊದಿಸಿಕೊಂಡ. "ನನ್ನದನ್ನ ಎಷ್ಟು ಸಲ ಓಡಿಸಿಲ್ಲ ನೀನು, ಸುಮ್ನೆ ಹತ್ತು" ಎಂದು ಅವಳು ಗದರಿದ ಮೇಲೆ ಹತ್ತಿದ. ಬೀದಿಯ ತುದಿ ಮುಟ್ಟಿ ಬರುವಷ್ಟರಲ್ಲಿ ಮುಖದ ಊತ ಇಳಿದಿತ್ತು. ಆದರೆ ಇನ್ನೊಂದಕ್ಕೆ ಮಾತ್ರ ಒಪ್ಪಲೇ ಇಲ್ಲ. ಹೊರಗೆ ಗೊತ್ತಾಗದ ಕಾಯಿಲೆ ಇರುವವರು ನಿಲ್ದಾಣದಲ್ಲಿ ಕೊರಳಿಗೆ ಹಾಕಿಕೊಳ್ಳುವ, ಸೂರ್ಯಕಾಂತಿ ಹೂವಿನ ಹಸಿರು ಪಟ್ಟಿ ಅದು. "ಪ್ರದರ್ಶನಕ್ಕಿಟ್ಟ ಟಗರೇನೇ ನಾನು?" ಎಂದಿದ್ದ.

ಈಗ ತಪಾಸಣೆಯ ಆಚೆ, ಟ್ರೇಗಳು ಬಂದು ನಿಲ್ಲುವ ಕಡೆ, ಅವನು ದಾರಿಗೆ ಅಡ್ಡವಾಗಿ ಕೂತು ಶೂ ಲೇಸಿನ ಜೊತೆ ಗುದ್ದಾಡುತ್ತಿದ್ದ. ಐಲ್ಸಾ ಕೈಹಾಕಲು ಹೋದರೆ ತಳ್ಳಿದ. ಹಿಂದೆ ಸಾಲು ಬೆಳೆಯಿತು. ಸಮುದ್ರದ ಎಣ್ಣೆಬಾವಿಯ ಕೆಲಸಕ್ಕೆ ಹೊರಟಿದ್ದ ದಢೂತಿ ಆಸಾಮಿಯೊಬ್ಬ ತಾಳ್ಮೆಗೆಟ್ಟ. "ಬೆಳಗ್ಗೆ ಬೆಳಗ್ಗೆನೇ ಏರಿಸ್ಕೊಂಡು ಬಂದಿದೀಯಾ ಅಜ್ಜಾ? ಜರುಗು, ನಮಗೂ ವಿಮಾನ ಹಿಡಿಯೋದಿದೆ."

ಜನ್ಮದಲ್ಲಿ ವಿಸ್ಕಿಯ ಮುಚ್ಚಳ ತೆಗೆಯದವನು ಮುರ್ಡೋ. ಅವನ ಮುಖ ಇಷ್ಟೇ ಇಷ್ಟಾಯಿತು. "ನಡಿ, ಮನೆಗೆ ಹೋಗೋಣ" ಎಂದ.

ಐಲ್ಸಾಳಿಗೆ ಅಳು, ಸಿಟ್ಟು ಒಟ್ಟಿಗೇ ನುಗ್ಗಿದವು. ಆ ಆಸಾಮಿಯ ಮೇಲಲ್ಲ, ಗಂಡನ ಮೇಲೆ. "ಸೈಕಲ್ಲಿಗಾದ್ರೆ ಒಳಗಿರೋದು ಕಾಣೋ ಚೀಲ. ನೀನು ಮಾತ್ರ ರಟ್ಟಿನ ಪೆಟ್ಟಿಗೆಯೊಳಗೆ ಕೂತಿದೀಯ. ಜನ ಎತ್ತಿ ಬಿಸಾಕದೆ ಇನ್ನೇನು ಮಾಡ್ತಾರೆ?"

ಮುರ್ಡೋ ಅವಳ ಬ್ಯಾಗಿನತ್ತ ನೋಡಿದ. ಆಮೇಲೆ ಕೈ ಚಾಚಿದ. ಅವಳು ಬ್ಯಾಗಿನಿಂದ ಹಸಿರು ಪಟ್ಟಿ ತೆಗೆದುಕೊಟ್ಟಳು. ನಡುಗುವ ಕೈಯಿಂದಲೇ, ತಡವಾದರೂ, ತಾನೇ ಕೊರಳಿಗೆ ಹಾಕಿಕೊಂಡ.

ಅದನ್ನು ಕಂಡ ಆಸಾಮಿ ಕಿವಿಯವರೆಗೂ ಕೆಂಪಾದ. "ತಪ್ಪಾಯ್ತು ಅಜ್ಜ, ಗೊತ್ತಾಗ್ಲಿಲ್ಲ" ಎಂದು ಬ್ಯಾಗು ಕೆಳಗಿಟ್ಟು, ಅಲ್ಲೇ ಮಂಡಿಯೂರಿ ಶೂವಿಗೆ ಕೈಹಾಕಿದ. ಮುರ್ಡೋ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ ಎಂದುಕೊಂಡಳು ಐಲ್ಸಾ. ಅವನು ಮುಂದಕ್ಕೆ ಚಾಚಿದ.

"ಬಿಗಿಯಾಗಿ ಕಟ್ಟಪ್ಪ," ಎಂದ. "ಸಂಜೆ ಪೆಡಲ್ ತುಳಿಯೋದಿದೆ."