ಬ್ರೇಕ್ ಒಂದು ಬಿಟ್ಟು

“ಬ್ರೇಕ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹಾಕ್ತೀನಿ,” ಎಂದಳು ಸೌ ಫೋಂಗ್, ಗಾಡಿಯ ಹೊಟ್ಟೆಯಡಿಯಿಂದ. ಅವಳು ಕೊಯ್ದೆಸೆದ ಬ್ರೇಕ್ ಕೊಳವೆ ಉರುಳಿ ಬಂದು ಪಕ್ಕದ ಮನೆಯ ಕಾಮ್ ಸೆಂಗ್‌ನ ಚಪ್ಪಲಿಗೆ ತಾಗಿತು.

ಕಾಮ್ ಸೆಂಗ್ ಕಾಗದದ ಕೆಲಸದವನು. ಬಿದಿರುಕಡ್ಡಿ, ಬಣ್ಣದ ಕಾಗದ ಕೊಟ್ಟರೆ ಅರಮನೆಯನ್ನೇ ಕಟ್ಟಿ, ಅದರೊಳಗೆ ಮಂಚ, ಮಂಚದಡಿಗೆ ಚಪ್ಪಲಿ ಇಡುವವನು. ಅವನ ಸಾಮಾನು ಒಂದು ದಿನ ಬಾಳಿದರೆ ಹೆಚ್ಚು. ಆದರೂ ಒಂದು ತಿರುಪು ಬಿಟ್ಟುಹೋದರೆ ಅವನಿಗೆ ನಿದ್ದೆ ಬಾರದು.

“ಅತ್ತಿಗೆ, ಬ್ರೇಕ್ ಇಲ್ದಿರೋ ಗಾಡಿ ಕೊಡೋದು ಪಾಪ ಅಲ್ವಾ? ಎಷ್ಟಾದ್ರೂ ಗಂಡ.”

“ಗಂಡ ಅಂತಾನೇ ಇಷ್ಟು ಕಷ್ಟಪಡ್ತಿರೋದು. ಬೇರೆಯವನಾಗಿದ್ರೆ ಸೈಕಲ್ ಸಾಕಿತ್ತು.”

ಇಡೀ ಮಲೇಷ್ಯಾದಲ್ಲಿ, ಬೇಕಾದರೆ ಸಿಂಗಾಪುರವನ್ನೂ ಸೇರಿಸಿಕೊಳ್ಳಿ, ಕಾಂಪಾರ್ ಊರಿನ ಸೌ ಫೋಂಗ್‌ಳ ಸಿಟ್ಟಿಗೆ ಸರಿಸಾಟಿಯಾದ ಸಿಟ್ಟು ಇನ್ನೂ ಹುಟ್ಟಿರಲಿಲ್ಲ. ಅವಳ ಬಿಸ್ಕತ್ತು ಬೇಯಲು ಒಲೆಯೇ ಬೇಡ, ಅವಳು ಗಂಡನ ಹೆಸರು ನೆನೆದರೆ ಸಾಕು ಎನ್ನುತ್ತಿದ್ದರು ಬೀದಿಯವರು.

ಆ ಸ್ಟೇಷನ್ ವ್ಯಾಗನ್ ಕೊಂಡದ್ದೇ ಬಿಸ್ಕತ್ತಿನ ಡಬ್ಬ ಸಾಗಿಸಲು. ಉದ್ದ ಬೆನ್ನು, ಹಿಂದೊಂದು ಅಗಲ ಬಾಗಿಲು. ಹಿಂದಿನ ಸೀಟು ಮಡಚಿದರೆ ಅರ್ಧ ಅಂಗಡಿಯೇ ಹಿಡಿಸುತ್ತಿತ್ತು. ಇಬ್ಬರು ಕಾಲು ಚಾಚಿ ಮಲಗಲೂಬಹುದಿತ್ತು. ಈ ಎರಡನೆಯ ಅನುಕೂಲ ಸೌ ಫೋಂಗ್‌ಗೆ ತಿಳಿದದ್ದು, ಹಾಸಿನಡಿ ಲಾಯ್ ಕುನ್‌ಳ ಕೂದಲಿನ ಕ್ಲಿಪ್ಪು ಸಿಕ್ಕಿದಾಗ.

ಲಾಯ್ ಕುನ್ ಪೇಟೆಯ ತಿರುವಿನಲ್ಲಿ ಸೋಯಾ ಹಾಲು ಮಾರುವವಳು. ಸೌ ಫೋಂಗ್‌ಳ ಗಂಡ ವೆಂಗ್ ಹೋಯ್ ಎಲ್ಲಿಗೇ ಹೊರಡಲಿ, ಗಾಡಿ ಈ ಹಾಲಿನವಳ ಬಾಗಿಲಲ್ಲಿ ನಿಂತೇ ಮುಂದಕ್ಕೆ. ಕೇಳಿದರೆ, “ನಾನೇನ್ಮಾಡ್ಲಿ ಕಣೇ, ಬ್ರೇಕು ಅಲ್ಲಿಗೆ ಬಂದ್ರೆ ತಾನೇ ಕಚ್ಕೊಳ್ಳುತ್ತೆ,” ಎನ್ನುತ್ತಿದ್ದ ನಾಚಿಕೆಗೆಟ್ಟವನು.

ಮೊದಲು ಲಾಯ್ ಕುನ್ ಊರಾಚೆಯ ಸುಣ್ಣಗುಡ್ಡದ ತಪ್ಪಲು ಸೇರಿದಳು. ವರ್ಷ ತುಂಬುವ ಮೊದಲೇ ಅವನೂ ಅಲ್ಲಿಗೇ. ಇಬ್ಬರ ನಡುವೆ ಎರಡೇ ಸಾಲು. “ಅಲ್ಲೂ ಬಿಡ್ಲಿಲ್ವಲ್ಲ!” ಎಂದು ಸೌ ಫೋಂಗ್ ಹಲ್ಲು ಕಡಿದ ಸದ್ದಿಗೆ ಹಳೆಯ ಗಣಿಹೊಂಡದ ಬಾತುಗಳೆಲ್ಲ ಎದ್ದು ಥಾಯ್ಲೆಂಡಿಗೆ ಹಾರಿದವು. ಆದರೂ ಹೆಂಡತಿಯ ಕರ್ತವ್ಯ ತಪ್ಪಿಸಿದವಳಲ್ಲ. ವರ್ಷಕ್ಕೊಮ್ಮೆ ಹೋಗಿ, ಅವನ ಅಂಗಳದ ಹುಲ್ಲು ಕಿತ್ತು, ಹುರಿದ ಹಂದಿಮಾಂಸ, ಅನ್ನ ಇಟ್ಟು, ಬಾಯಿ ನೋಯುವ ತನಕ ಬೈದು ಬರುತ್ತಿದ್ದಳು. ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಗಾಡಿ ರಂಬುಟಾನ್ ಮರದಡಿ ಕೊಳೆಯಿತು. ಕೋಳಿಗಳು ಸೀಟಿನ ಸ್ಪಂಜು ಕಿತ್ತು ಮೊಟ್ಟೆಯಿಟ್ಟವು. ನೆಲದ ತಗಡು ತುಕ್ಕು ತಿಂದು ಹೋಗಿ, ಹುಲ್ಲು ಸ್ಟೀರಿಂಗ್ ತನಕ ಬೆಳೆಯಿತು.

ಈ ಹೊಸವರ್ಷದ ಬೆಳಗಿನ ಜಾವ ಗಂಡ ಬಂದು ತಲೆದಿಂಬಿನ ಹತ್ತಿರ ನಿಂತ. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು.

“ನಡೆದೂ ನಡೆದೂ ಕಾಲು ಬಿದ್ದುಹೋಗ್ತಿದೆ, ಫೋಂಗ್. ನನ್ನ ಗಾಡಿ ಕೊಟ್ಬಿಡು. ಏಳನೇ ತಿಂಗಳು ಬರ್ತೀನಿ.”

“ಗಾಡಿ ತಗೊಂಡು ಎಲ್ಲಿಗೆ ಹೋಗ್ತೀರಾ?”

ಅವನು ಕಿಟಕಿಯಾಚೆ ಸುಣ್ಣಗುಡ್ಡದ ಕಡೆ ನೋಡಿದ. ಅವಳಿಗೆ ಅಷ್ಟೇ ಸಾಕಿತ್ತು.

ಅಂದೇ ಬೆಳಿಗ್ಗೆ ಕೋಳಿಗಳನ್ನು ಓಡಿಸಿ ಕೆಲಸಕ್ಕಿಳಿದಳು. ಸ್ಪ್ಯಾನರನ್ನು ಸೌಟಿನಂತೆ ಹಿಡಿಯುತ್ತಿದ್ದವಳು ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ತುಕ್ಕಿಗೆ ಬಿಗಿದುಹೋಗಿದ್ದ ಎಂಜಿನ್ನಿಗೆ ಎಣ್ಣೆ ಹೊಯ್ದು, ಅದು ಇಳಿಯುವ ತನಕ ಕಾದು, ಕೈಯಿಂದಲೇ ತಿರುಗಿಸಿದಳು. ಕಾರ್ಬ್ಯುರೇಟರನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದಳು. ಹೊಸ ತಗಡಿನ ಸಂದಿಗೆ ಬಿಸ್ಕತ್ತಿನ ಹಿಟ್ಟು ಸವರುವ ಸಟ್ಟುಗದಿಂದ ಪುಟ್ಟಿ ಮೆತ್ತಿದಳು. ಮೊದಲ ಸಲದ ಬಣ್ಣಕ್ಕೆ ಕೋಳಿಪುಕ್ಕ ಅಂಟಿ ಗಾಡಿ ಹಾರುವಂತೆ ಕಂಡಿತು. ಕೆರೆದು ಮತ್ತೆ ಹಚ್ಚಿದಳು. ಎಂಜಿನ್ ಶುರುವಾದಾಗ ಬೀದಿಯ ರಂಬುಟಾನೆಲ್ಲ ಉದುರಿತು. ಹಾರ್ನಂತೂ ದೂರದ ಇಪೋ ಪಟ್ಟಣದಲ್ಲಿ ಮಲಗಿದವರನ್ನೂ ಎಬ್ಬಿಸುವಂತಿತ್ತು.

ಊರಿಗೆಲ್ಲ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಯದಿರುತ್ತದೆಯೇ? ಇನ್ಸ್‌ಪೆಕ್ಟರ್ ಗುಣಶೇಖರನ್ ಬಂದೇ ಬಂದ. ಸುತ್ತ ನೋಡಿ, ಬಗ್ಗಿ ಇಣುಕಿದ.

“ಬ್ರೇಕ್ ಎಲ್ಲಮ್ಮಾ?”

“ಹಾಕಿಲ್ಲ. ಇದು ನನ್ನ ಗಂಡ ಓಡ್ಸೋ ಗಾಡಿ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗಾದ್ರೆ ಲೈಸೆನ್ಸ್ ಕೇಳೋಕೆ ನಾನಂತೂ ಹೋಗಲ್ಲಪ್ಪ!” ಕಾಫಿ ಕುಡಿದು, ಜೇಬು ತುಂಬ ಬಿಸ್ಕತ್ತು ತುಂಬಿಕೊಂಡು ಹೊರಟುಹೋದ.

ಚೀನೀ ಪಂಚಾಂಗದ ಏಳನೇ ತಿಂಗಳು ಬಂತು, ಹೋದವರು ಮನೆ ನೋಡಲು ಬರುವ ತಿಂಗಳು. ಹುಣ್ಣಿಮೆಯ ದಿನ ಸಂಜೆ, ಲಾರಿಗೆ ಹಗ್ಗ ಕಟ್ಟಿ ಗಾಡಿಯನ್ನು ಗಣಿಹೊಂಡದ ಪಕ್ಕದ ಬಯಲಿಗೆ ಎಳೆಸಿದಳು. ಕನ್ನಡಿ ಒರೆಸಿದಳು. ಕೂದಲಿನ ಆ ಕ್ಲಿಪ್ಪನ್ನು ಸ್ಟೀರಿಂಗ್ ಎದುರು, ಅವನ ಕಣ್ಣಿಗೆ ಕುಕ್ಕುವಂತೆ ಸಿಕ್ಕಿಸಿದಳು. ಕಾಮ್ ಸೆಂಗ್ ತಾನು ಮಾಡಿ ತಂದ ಪೆಟ್ರೋಲ್ ಡಬ್ಬಿಗಳನ್ನು ಹಿಂದೆ ಪೇರಿಸಿದ. ಎಲ್ಲವೂ ಕಾಗದದವು.

“ಈಗ್ಲೂ ಹೇಳ್ತೀನಿ ಅತ್ತಿಗೆ, ಅಲ್ಲಿ ರಿಪೇರಿ ಅಂಗಡಿ ಇರಲ್ಲ. ಹೋದವರಿಗೆ ಇಲ್ಲಿ ಹೇಗೆ ಸುಡ್ತೀವೋ ಅಲ್ಲಿ ಅವರ ಕೈಗೆ ಹಾಗೇ ಮುಟ್ಟೋದು.”

“ಅದಕ್ಕೇ ತಾನೇ,” ಎಂದು ಸೌ ಫೋಂಗ್ ಊದುಬತ್ತಿ ಹಚ್ಚಿ, ಸುಣ್ಣಗುಡ್ಡದ ಸ್ಮಶಾನದ ಕಡೆ ಕೈಮುಗಿದು, ಅದೇ ಕಡ್ಡಿಯನ್ನು ಗಾಡಿಯೊಳಕ್ಕೆ ಎಸೆದಳು.

ಸತ್ತವನನ್ನು ಇನ್ನೊಮ್ಮೆ ಸಾಯಿಸಲಾಗದು. ಆದರೆ ಲಾಯ್ ಕುನ್‌ಳ ಗೋರಿಯ ಮುಂದೆ ಹಾರ್ನ್ ಹೊಡೆಯುತ್ತ ಅವನು ಯುಗಯುಗಾಂತರ ಹಾದುಹೋಗುತ್ತಲೇ ಇರುವಂತೆ, ಒಂದೇ ಒಂದು ಸಲವೂ ನಿಲ್ಲಲಾಗದಂತೆ ಮಾಡಬಹುದು.