ರಸೀದಿಯಲ್ಲಿ ಇಲ್ಲದ ಕಲೆ

ಮೂರನೆಯ ಸಲ ಉಜ್ಜಿದರೂ ಮರಿಬೆಕ್ಕಿನ ಕಿವಿಯ ಕಲೆ ಹೋಗಲಿಲ್ಲ.

ಲಾಂಡ್ರಿಯವನು ಒದ್ದೆ ಬಟ್ಟೆ ಕೆಳಗಿಟ್ಟು ನಿಟ್ಟುಸಿರುಬಿಟ್ಟ. ಮೂವತ್ತು ವರ್ಷದಲ್ಲಿ ಶಾಯಿ, ಗ್ರೀಸು, ತುಕ್ಕು, ರಕ್ತ, ಎಲ್ಲಕ್ಕೂ ನೀರು ಕುಡಿಸಿದ ಆಸಾಮಿ. ಈ ಕಲೆ ಮಾತ್ರ ಜಗ್ಗುತ್ತಿರಲಿಲ್ಲ. ಸಾಲದ್ದಕ್ಕೆ ಹರಡುತ್ತಿತ್ತು. ಮೊದಲು ಕಿವಿಯ ತುದಿ, ಆಮೇಲೆ ಮೂಗು, ಈಗ ನಾಲ್ಕು ಪಾದ ಮತ್ತು ಬಾಲ. ಹಾಲಿನಂಥ ಮರಿ ಇದ್ದಿಲ ಚೀಲದಲ್ಲಿ ಮೂತಿ ತೂರಿಸಿ ಬಂದಂತೆ ಕಾಣುತ್ತಿತ್ತು.

ಮರಿ ಅವನದೇ ಆಗಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಅದು ನಿವೃತ್ತ ಹೆಡ್‌ಮಿಸ್ಟ್ರೆಸ್ ಅವರದು.

ಏಳು ವಾರದ ಹಿಂದೆ ಆಕೆ ಬಟ್ಟೆಗಂಟಿನ ಜೊತೆ ಒಂದು ಬುಟ್ಟಿಯನ್ನೂ ಕೌಂಟರ್ ಮೇಲಿಟ್ಟಿದ್ದರು. ಎರಡು ತಿಂಗಳು ಮಗಳ ಮನೆಯಲ್ಲಿರುತ್ತಾರಂತೆ.

"ನಿಮ್ಮ ಅಂಗಡಿಯಷ್ಟು ಚೊಕ್ಕ ಜಾಗ ಈ ಬೀದೀಲಿಲ್ಲ," ಎಂದಿದ್ದರು. ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅವನ ಹೆಂಡತಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ್ದರು. "ಗಲಾಟೆನೂ ಇಲ್ಲ. ಇದಕ್ಕೆ ಇಂಥ ಜಾಗಾನೇ ಬೇಕು. ಆದ್ರೆ ಕೊಟ್ಟ ಹಾಗೇ ವಾಪಸ್ ಕೊಡ್ಬೇಕು. ರಸೀದಿ ಬರೀರಿ."

ಅವನು ಬರೆದುಕೊಟ್ಟ: ಬೆಕ್ಕಿನ ಮರಿ, ಬಿಳಿ, ಒಂದು. ಕಲೆ ಇಲ್ಲ. ಇಸ್ತ್ರಿಯ ಬಿಸಿ ತಾಗದಿರಲೆಂದು ಒದ್ದೆ ಬಟ್ಟೆಗಳ ಪಕ್ಕದ ತಣ್ಣನೆಯ ಮೂಲೆಯಲ್ಲಿ ಅದಕ್ಕೆ ಹಾಸಿಗೆ ಮಾಡಿದ.

ಗಲಾಟೆ ಇಲ್ಲದ್ದು ನಿಜ. ಗಂಡ ಹೆಂಡಿರಲ್ಲಿ ಜಗಳವೇನೂ ಇರಲಿಲ್ಲ. ಹೇಳುವುದೆಲ್ಲ ಹೇಳಿ ಮುಗಿದಿತ್ತು, ಅಷ್ಟೆ. "ಊಟ?" ಎಂದು ಅವಳು, "ಹೂಂ" ಎಂದು ಇವನು, ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಹೀಗೆ ನಾಲ್ಕು ವರ್ಷ ಕಳೆದಿತ್ತು.

ಮರಿ ಈ ಶಿಸ್ತಿಗೆ ಬಗ್ಗುವ ಜಾತಿಯಲ್ಲ. ನೀಲಿ ಕಣ್ಣು ಅರಳಿಸಿ ಕೂಗತೊಡಗಿತೆಂದರೆ ಎಳೆಗೂಸಿನ ಕೈಗೆ ಮೈಕು ಕೊಟ್ಟ ಹಾಗೆ. ಹಸಿದರೆ ಕೂಗು, ಹೊಟ್ಟೆ ತುಂಬಿದರೆ ಕೂಗು. ಬಾಗಿಲು ಮುಚ್ಚಿದರೆ ಕೂಗು, ತೆರೆದರೆ ಯಾಕೆ ತೆರೆದಿರಿ ಎಂದು ಕೂಗು. ಹೆಂಡತಿ ಹೋದಲ್ಲೆಲ್ಲ ಅದೂ ಹಿಂದೆ. ಮೊದಲ ವಾರ ಅವಳು, "ಸುಮ್ನಿರ್ತೀಯಾ?" ಎಂದಳು. ಅದು ಇಲ್ಲವೆಂದಿತು. ಎರಡನೆಯ ವಾರ ಇಬ್ಬರೂ ವಾದಕ್ಕೆ ಬಿದ್ದರು. ಮೂರನೆಯ ವಾರ ಅವಳು ಗಂಡನನ್ನು ಪಂಚಾಯಿತಿಗೆ ಕರೆದಳು.

"ರೀ, ನೀವೇ ಹೇಳಿ, ಈಗ ತಾನೇ ಮೀನು ಹಾಕಿದ್ನೋ ಇಲ್ವೋ?"

ಹಾಕಿದ್ದೀಯ ಎಂದು ಇವನು. ಬೆಕ್ಕು ಇಲ್ಲವೆಂದಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಅವನ ಎದೆ ತುಂಬಿ ಬಂತು. ಅತ್ತ ತಿರುಗಿ, ಆಗಲೇ ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದ.

ಕಲೆ ನೋಡಿ ಅವಳು ಹೇಳಿದ್ದು ಇಷ್ಟೇ: "ಆದ್ರೆ ಆಗ್ಲಿ. ಇದನ್ನ ವಾಪಸ್ ಕೊಟ್ರೆ ನಾನು ನಿಮ್ಹತ್ರ ಮಾತಾಡಲ್ಲ."

ಬೇರೆ ಗಂಡಂದಿರಿಗೆ ಅದು ಬೆದರಿಕೆಯೇ ಅಲ್ಲ. ಇವನಿಗೆ ನಾಲ್ಕು ವರ್ಷದ ಅನುಭವವಿತ್ತು.

ಇತ್ತ ಮೂವತ್ತು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಅದಲುಬದಲು ಮಾಡಿದವನಲ್ಲ. ಬೆಕ್ಕಿಗೆ ಚೆಲ್ಲಾಟ, ಅವನಿಗೆ ಪ್ರಾಣಸಂಕಟ. ಗಡುವಿಗೆ ಎರಡು ದಿನ ಇದೆ ಎನ್ನುವಾಗ ಹಿಂದಿನ ಬೀದಿಗೆ ಹೋಗಿ, ಸಾಕುಪ್ರಾಣಿಗಳ ಅಂಗಡಿಯವಳ ಮುಂದೆ ನಿಂತ. ಕಲೆಯ ಕಥೆ ಹೇಳಿ, ಬಿಳಿ ಮರಿ ಬೇಕಿತ್ತು ಎಂದ.

ಅವಳು ಅಚ್ಚರಿಪಡಲಿಲ್ಲ. "ಒಂದಿದೆ. ದುಡ್ಡು ಬೇಡ. ಹಳೇದನ್ನ ಏನ್ಮಾಡ್ತೀರಿ?"

"ಇಟ್ಕೋತೀವಿ."

"ಅದರ ಬಾಯಿ ತಡ್ಕೋತೀರಾ?"

"ನಮ್ಮನೆಯವಳದೂ ಈಗ ಹಾಗೇ ಆಗಿದೆ," ಎಂದ. ದೂರು ಹೇಳುವವನ ಮುಖ ಅದಾಗಿರಲಿಲ್ಲ. ಅವಳು ಅವನನ್ನು ಒಂದು ಗಳಿಗೆ ನೋಡಿ, ಒಳಗಿನಿಂದ ಮರಿ ತಂದುಕೊಟ್ಟಳು.

ಹೆಡ್‌ಮಿಸ್ಟ್ರೆಸ್ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಕನ್ನಡಕ ಏರಿಸಿ ಕಿವಿ, ಮೂಗು, ಪಾದ, ಬಾಲ ತಪಾಸಣೆ ಮಾಡಿದರು. ಲಾಂಡ್ರಿಯವನು ಒರೆಸಿದ್ದ ಕೌಂಟರನ್ನೇ ಮತ್ತೆ ಒರೆಸಿದ.

"ಎರಡು ತಿಂಗಳಾದ್ರೂ ಬೆಳೆದೇ ಇಲ್ವಲ್ಲ?"

ಇದನ್ನು ಅವನು ಯೋಚಿಸಿರಲಿಲ್ಲ. "ಒಂದ್ಸಲ ಒಗೆದೆ ಮೇಡಂ. ಸ್ವಲ್ಪ ಕುಗ್ಗಿದೆ."

ಆಕೆ ತಲೆಯಾಡಿಸಿದರು. "ಉಣ್ಣೆ ಹಾಗೇ."

ಅಷ್ಟರಲ್ಲಿ ಪರದೆಯ ಹಿಂದಿನಿಂದ ಒಂದು ಕೂಗು ಎದ್ದಿತು. ಹ್ಯಾಂಗರುಗಳು ಅದುರಿದವು.

"ಯಾರದು?"

"ನನ್ನ ಹೆಂಡತಿ."

"ಪರವಾಗಿಲ್ಲ, ಚೆನ್ನಾಗೇ ಮಾತಾಡ್ತಾರೆ," ಎಂದು ರಸೀದಿಗೆ ಸಹಿ ಹಾಕಿ, ಬುಟ್ಟಿ ಎತ್ತಿಕೊಂಡು ಹೊರಟರು.

ಅವನು ಸ್ಟೂಲಿನ ಮೇಲೆ ಕುಸಿದ. ಕಣ್ಣು ಮುಚ್ಚಿ ಹಾಲು ಕುಡಿದದ್ದಾಯಿತು, ಯಾರೂ ನೋಡಲಿಲ್ಲ. ಕಣ್ಣು ತೆರೆದಾಗ ಬುಟ್ಟಿಯ ಮುಚ್ಚಳ ಕೌಂಟರ್ ಮೇಲೇ ಉಳಿದಿತ್ತು. ಅದನ್ನು ಹಿಡಿದು ಬೀದಿಯ ತಿರುವಿನವರೆಗೆ ಓಡಿದ.

ತಿರುವಿನಲ್ಲಿ ಸಾಕುಪ್ರಾಣಿ ಅಂಗಡಿಯವಳು ಸ್ಕೂಟರ್ ನಿಲ್ಲಿಸಿಕೊಂಡಿದ್ದಳು. ಹೆಡ್‌ಮಿಸ್ಟ್ರೆಸ್ ಅವಳ ಹಿಂದೆ ಕೂತು, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, "ಇದನ್ನ ಬೇಕರಿಯವರಿಗೆ ಕೊಡೋಣ," ಎನ್ನುತ್ತಿದ್ದರು.

"ಬೇಡಮ್ಮಾ, ಒಲೆ ಬಿಸಿಗೆ ಈ ಸಯಾಮೀಸ್ ಜಾತಿ ಮರಿ ಬೆಳ್ಳಗೇ ಉಳಿದುಬಿಡುತ್ತೆ," ಎಂದಳು ಮಗಳು. "ಐಸ್ ಫ್ಯಾಕ್ಟರಿಯವರಿಗೆ ಕೊಡು. ತಂಪಿಗೆ ಬೇಗ ಕಪ್ಪಾಗುತ್ತೆ, ಬದಲಿ ಮರಿ ಕೇಳ್ಕೊಂಡು ನನ್ನಂಗಡಿಗೇ ಬರ್ತಾರೆ. ಅವರ ಮನೇಲೂ ಗಂಡ ಹೆಂಡತಿ ಮಾತು ಬಿಟ್ಟು ವರ್ಷ ಆಯ್ತು."